ಯೂರೋಪ್ ಪ್ರವಾಸ: ವೀಸಾದಲ್ಲಿ ಎಂಟ್ರಿ ಎಷ್ಟಿದೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಹೊರಡುವವರಲ್ಲಿ ನಡುವೆ ಲಂಡನ್‌ಗೂ ಹೋಗಿಬರುವವರು ಇವತ್ತೇ ಪಾಸ್‌ಪೋರ್ಟ್ ತೆಗೆದು ಶೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಸ್ಟಿಕರ್‌ನಲ್ಲಿ ‘ನಂಬರ್ ಆಫ್ ಎಂಟ್ರೀಸ್’ ನೋಡಿ. 01 ಇದ್ದರೆ ಒಂದೇ ಸಲ ಪ್ರವೇಶ. ಬ್ರಿಟನ್ ಶೆಂಗೆನ್ ಹೊರಗಿದೆ, ಹಾಗಾಗಿ ಪ್ಯಾರಿಸ್‌ನಿಂದ ಲಂಡನ್‌ಗೆ ಹೋದಿರೋ, ಆ ಒಂದು ಪ್ರವೇಶ ಮುಗಿದಂತೆ. ದಿನ ಬಾಕಿಯಿದ್ದರೂ ರೋಮ್‌ಗೆ ಬಿಡುವುದಿಲ್ಲ. 02 ಅಥವಾ ‘ಮಲ್ಟ್’ (ಹಲವು ಸಲ ಪ್ರವೇಶ) ಇರಬೇಕು. ಬ್ರಿಟನ್ ವೀಸಾ ಬೇರೆಯೇ ಬೇಕು, ಮರೆಯಬೇಡಿ. ಸ್ವಿಟ್ಜರ್ಲೆಂಡ್ ಶೆಂಗೆನ್ ಒಳಗೇ ಇದೆ, ಚಿಂತೆಯಿಲ್ಲ.

‘ಡ್ಯುರೇಶನ್ ಆಫ್ ಸ್ಟೇ’ 15 ಎಂದಿದ್ದರೆ ಹದಿನೈದೇ ದಿನ, ವೀಸಾ ಅವಧಿ ಉದ್ದವಿದ್ದರೂ ಅಷ್ಟೇ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ.

ಇನ್ನೂ ಅರ್ಜಿ ಹಾಕದವರು ಎರಡು ಪ್ರವೇಶ ಕೇಳಿ, ಲಂಡನ್ ಹೋಗಿಬರುವ ಟಿಕೆಟ್ ಬುಕಿಂಗ್ ಲಗತ್ತಿಸಿ.

ಭಾನುವಾರದೊಳಗೆ ನಿಮ್ಮ ಹೆಸರು, ಎಂಟ್ರಿ ಸಂಖ್ಯೆ ಇಲ್ಲಿ ಬರೆಯಿರಿ. ಪಾಸ್‌ಪೋರ್ಟ್ ಫೋಟೋ ಮಾತ್ರ ದಯವಿಟ್ಟು ಗುಂಪಿಗೆ ಹಾಕಬೇಡಿ.