ಕಾಲ ಮುಗೀತು ಅಂದುಕೊಂಡ ಮೇಲೆ: ಗೆಳೆಯನಿಗೊಂದು ಪತ್ರ

ಮಕ್ಕಂದೂರು, ಕೊಡಗು
28 ಡಿಸೆಂಬರ್ 2021

ಪ್ರೀತಿಯ ಬೋಪಣ್ಣ,

ಅಮೆರಿಕದ ಕೆಂಟಕಿಯಲ್ಲಿ ನಿನ್ನ ಊರಿಗೆ ಸುಂಟರಗಾಳಿ ಬಡಿದ ಮೇಲೆ, ಆ ಭಾನುವಾರ ರಾತ್ರಿ ನೀನು ಮಾತಾಡಿದ್ದು ನಾಲ್ಕೇ ನಿಮಿಷ. "ನಾವು ಮೂವರೂ ಇದ್ದೇವೆ" ಅಂದೆ. ಅಷ್ಟರಲ್ಲಿ ನಿನ್ನ ಫೋನಿನ ಚಾರ್ಜ್ ಮುಗಿಯಿತು. ಪೂರ್ತಿ ಕತೆ ಗೊತ್ತಾಗಿದ್ದು ಮೊನ್ನೆ ಕ್ರಿಸ್‌ಮಸ್ ದಿನ. ಹೇಳುತ್ತಾ ಹೇಳುತ್ತಾ ನೀನು ಅತ್ತುಬಿಟ್ಟೆ. ನನಗೂ ಬಾಯಿಂದ ಮಾತು ಹೊರಡಲಿಲ್ಲ. ಅವತ್ತು ಹೇಳಲಾಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಆ ದೇಶದಲ್ಲಿದ್ದಾರೆ. ಅವರೂ ಓದಲಿ ಅಂತ ನಿನ್ನನ್ನು ಕೇಳಿಯೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಹನ್ನೊಂದನೇ ತಾರೀಕು ಶನಿವಾರ ಮಧ್ಯಾಹ್ನ ನಾನು ಕಣದಲ್ಲಿದ್ದೆ. ಈ ಸಲ ನವೆಂಬರಿನಲ್ಲಿ ಇಲ್ಲಿ ಬಿದ್ದ ಮಳೆ ನಿನಗೆ ಗೊತ್ತೇ ಇದೆ. ಅರೇಬಿಕಾ ಹಣ್ಣು ಗಿಡದಲ್ಲೇ ಒಡೆದು ನೆಲಕ್ಕೆ ಉದುರಿತು. ಉಳಿದದ್ದನ್ನು ಕೊಯ್ದು ಹರಡಿದ್ದೆವು. ಅಂತೂ ನಾಲ್ಕು ದಿನ ಬಿಸಿಲು ಬಂದಿತ್ತು. ಅಪ್ಪ ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಹಣ್ಣು ತಿರುವಿ ಹಾಕುತ್ತಿದ್ದೆವು. ಆಗ ನಿನ್ನ ಊರಲ್ಲಿ ರಾತ್ರಿ ಒಂದು ಗಂಟೆ ದಾಟಿತ್ತು. ಆಮೇಲೆ ಲೆಕ್ಕ ಹಾಕಿದರೆ, ಸರಿಯಾಗಿ ಅದೇ ಹೊತ್ತಿಗೆ ನೀನು ಬಾತ್‌ಟಬ್ಬಿನಲ್ಲಿ ಮಗುವನ್ನು ಅವಚಿಕೊಂಡು ಮಲಗಿದ್ದೆ.

ಸಂಜೆ ಟೀವಿಯಲ್ಲಿ ಕೆಂಟಕಿ ಅಂತ ಕೇಳಿದ ಕೂಡಲೇ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಮೊದಲು ತೋರಿಸಿದ್ದು ಮೇಫೀಲ್ಡ್ ಊರನ್ನು. ನೂರು ವರ್ಷಕ್ಕೂ ಹಳೆಯ ಕೋರ್ಟ್ ಕಟ್ಟಡದ ಗಡಿಯಾರದ ಗೋಪುರವೇ ಇಲ್ಲ. ನೂರಕ್ಕೂ ಜಾಸ್ತಿ ಜನ ರಾತ್ರಿ ಪಾಳಿಯಲ್ಲಿದ್ದ ಮೇಣದಬತ್ತಿ ಕಾರ್ಖಾನೆ ನೆಲಸಮ. ಅದು ನಿನ್ನ ಊರಲ್ಲ ಅಂತ ಒಂದು ಕ್ಷಣ ಉಸಿರು ಬಿಟ್ಟೆ. ಮರುಕ್ಷಣವೇ ಬೌಲಿಂಗ್ ಗ್ರೀನ್ ಅಂತ ಹೆಸರು ಬಂತು. ನಿನಗೆ ಫೋನ್ ಹಚ್ಚಿದೆ. ರಿಂಗ್ ಇಲ್ಲ, ಏನೂ ಇಲ್ಲ.

ಜೀಪು ತೆಗೆದುಕೊಂಡು ಮಾದಾಪುರಕ್ಕೆ ಹೋದೆ. ನಿನ್ನ ಅವ್ವನಿಗೆ ಸುದ್ದಿ ಮುಟ್ಟುವ ಮೊದಲು ನಾನೇ ಮುಟ್ಟಬೇಕು ಅನಿಸಿತ್ತು. ಆದರೆ ನಿನ್ನ ಊರಲ್ಲಿ ಏನೋ ಅನಾಹುತ ಆಗಿದೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. ದೇವರ ದೀಪ ಹಚ್ಚಿ, ಅದರ ಮುಂದೆ ಫೋನ್ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ, "ಆವತ್ತು ನಿನಗೋಸ್ಕರ ಅವನು ಹೀಗೇ ಕೂತಿದ್ದನಂತೆ ಮಗಾ, ಎರಡು ರಾತ್ರಿ" ಅಂದರು. ರಾತ್ರಿ ನಾನು ಅಲ್ಲೇ ಉಳಿದೆ. ಅವರು ಊಟ ಮಾಡಲಿಲ್ಲ. ನಾನು ಕಾಫಿ ಮಾಡಿ ಕೊಟ್ಟೆ. ಅದು ಆರಿ ಹಾಗೇ ಉಳಿಯಿತು.

2018ರ ಆಗಸ್ಟಿನಲ್ಲಿ ನಮ್ಮ ಗುಡ್ಡ ಜಾರಿದಾಗ ಕರೆಂಟೂ ಇರಲಿಲ್ಲ, ಟವರೂ ಇರಲಿಲ್ಲ. ಸಂಪಾಜೆ ಕಡೆಯ ರಸ್ತೆ ಜೋಡುಪಾಲದಲ್ಲಿ ಕಡಿದುಹೋಗಿತ್ತು. ಗಂಜಿ ಕೇಂದ್ರದಲ್ಲಿ ಯಾರದೋ ಫೋನಿನಿಂದ ನಿನಗೆ ಮಾತಾಡಿದಾಗ ನೀನು ಸಿಟ್ಟಿನಿಂದ ಬೈದಿದ್ದೆ, "ಒಂದು ಮೆಸೇಜ್ ಹಾಕಲಿಕ್ಕೆ ಆಗಲಿಲ್ವಾ ಮಾರಾಯ?" ಅಂತ. ಆಗ ನನಗೆ ಬೇಸರವಾಗಿತ್ತು. ಅದು ಸಿಟ್ಟಲ್ಲ ಅಂತ ಮೊನ್ನೆ ಆ ದೀಪದ ಮುಂದೆ ಕೂತಾಗ ಅರ್ಥವಾಯಿತು.

ನೀನು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಸುಂಟರಗಾಳಿಯ ಎಚ್ಚರಿಕೆ ಬಂದು ಮೊದಲ ಸಲ ಫೋನ್ ಕಿರುಚಿಕೊಂಡಾಗ ನೀನು ಆಫ್ ಮಾಡಿ ಮಗ್ಗುಲು ಬದಲಿಸಿದೆಯಂತೆ. "ಡಿಸೆಂಬರಲ್ಲಿ ಎಂಥ ಸುಂಟರಗಾಳಿ, ಸುಮ್ನೆ ಮಲಗು ಅಂದೆ ರಶ್ಮಿಗೆ" ಅಂತ ಹೇಳಿದೆ. ರಶ್ಮಿ ಮಲಗಲಿಲ್ಲ. ಎರಡನೇ ಸಲ ಫೋನ್ ಕೂಗಿದಾಗ ಮಗುವನ್ನು ಎತ್ತಿಕೊಂಡು, ಹಾಸಿಗೆ ಎಳೆದುಕೊಂಡು ನಡುಮನೆಯ ಬಚ್ಚಲಿಗೆ ಹೋದಳು. ನೀನು ಅವಳ ಹಿಂದೆ ಹೋದೆ. ಕಿವಿ ಅಡಚಿದಂತಾಯಿತು. ಮನೆ ಉಸಿರು ಎಳೆದುಕೊಂಡ ಹಾಗಾಯಿತು. ಆಮೇಲೆ ಆ ಸದ್ದು. ಒಂದು ನಿಮಿಷವೂ ಇರಲಿಲ್ಲ ಅಂದೆ. ಹೊರಗೆ ಬಂದು ನೋಡಿದರೆ ಮಲಗುವ ಕೋಣೆಯ ಮೇಲೆ ಮಾಡು ಇಲ್ಲ. ನೀನು ಮಲಗಿದ್ದ ಜಾಗದಲ್ಲಿ ಕಿಟಕಿಯ ಗಾಜು ದಿಂಬಿಗೆ ನೆಟ್ಟು ನಿಂತಿತ್ತು.

ಈ ಮಾತು ಹೇಳುವಾಗ ನೀನು ನಾಚಿಕೊಂಡೆ. ನಾಚಬೇಡ. ನಮ್ಮ ಮನೆಯಲ್ಲಿ ಆದದ್ದೂ ಇದೇ.

2018ರಲ್ಲಿ ಜೂನ್‌ನಿಂದಲೂ ಮಳೆ ಬಿಟ್ಟಿರಲಿಲ್ಲ. ಆದರೂ ಆಗಸ್ಟ್ ಮಧ್ಯಕ್ಕೆ ಬಂದಾಗ ಅಪ್ಪನಿಗೆ ಧೈರ್ಯ. "ಕಕ್ಕಡ ಮುಗೀತಲ್ಲ, ಇನ್ನು ಮಳೆ ಇಳಿಯುತ್ತೆ" ಅಂದರು. ಕಕ್ಕಡ ಅಂದರೆ ನಮ್ಮ ಕಡೆ ಜೋರು ಮಳೆಯ ತಿಂಗಳು. ಅವರ ಅಪ್ಪನೂ ಹಾಗೇ ಅನ್ನುತ್ತಿದ್ದರಂತೆ. ಕಕ್ಕಡದಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸ ತಿಂದು ಹದಿನೈದು ದಿನವಾಗಿರಲಿಲ್ಲ. 16ನೇ ತಾರೀಕು ಸಂಜೆ ಮನೆಯ ಹಿಂದಿನ ಒರತೆ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಯಿತು. ಅಮ್ಮ ಕೊಡದಲ್ಲಿ ಹಿಡಿದು ತೋರಿಸಿದರು. ಅಪ್ಪ ನೋಡಿ, "ಮೇಲೆ ಎಲ್ಲೋ ಮಣ್ಣಿನ ಬರೆ ಕುಸಿದಿರಬೇಕು" ಅಂದು ಮಲಗಿದರು. ಬೆಳಗಿನ ಜಾವ ಪಕ್ಕದ, ತೋಟದ ಕೆಲಸಗಾರರ ಲೈನ್ ಮನೆಯ ಹುಡುಗ ಬಾಗಿಲು ಬಡಿಯದೇ ಇದ್ದಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ. ಉಟ್ಟ ಬಟ್ಟೆಯಲ್ಲಿ ಟಾರ್ ರಸ್ತೆಗೆ ಓಡಿದೆವು. ಅಲ್ಲಿಂದ ತಿರುಗಿ ನೋಡಿದೆ. ಸಿಲ್ವರ್ ಓಕ್ ಮರಗಳು ಬಿದ್ದಿರಲಿಲ್ಲ. ನಿಂತ ಹಾಗೇ, ಬೇರು ಸಮೇತ, ಸಾಲಾಗಿ ಕೆಳಗೆ ನಡೆದು ಬರುತ್ತಿದ್ದವು. ಮೆಣಸಿನ ಬಳ್ಳಿ ಇನ್ನೂ ಅದನ್ನು ತಬ್ಬಿಕೊಂಡೇ ಇತ್ತು. ಅದನ್ನು ನಾನು ಸಾಯುವವರೆಗೂ ಮರೆಯಲಾರೆ.

ಕಕ್ಕಡ ಮುಗೀತು ಅನ್ನುವುದೂ, ಡಿಸೆಂಬರಲ್ಲಿ ಏನು ಬರುತ್ತೆ ಅನ್ನುವುದೂ ಒಂದೇ ಮಾತು ಬೋಪಣ್ಣ. ಸೋಮಾರಿತನದಿಂದ ಬಂದ ಮಾತಲ್ಲ ಅದು. ತಲೆತಲಾಂತರದಿಂದ ನಂಬಿ ಬದುಕಿದ ಲೆಕ್ಕ. ಹೆಚ್ಚಿನ ವರ್ಷ ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದಕ್ಕೇ ಅದು ಇಷ್ಟು ಅಪಾಯ.

ನಿನ್ನ ಜೊತೆ ಮಾತಾಡಿದ ಮೇಲೆ ನಾನೂ ಕೂತು ಓದಿದೆ. ಅಲ್ಲಿ ಸುಂಟರಗಾಳಿಯ ಕಾಲ ಅಂದರೆ ಏಪ್ರಿಲ್, ಮೇ, ಜೂನ್. ಆದರೆ ಈ ಡಿಸೆಂಬರಿನಲ್ಲಿ ಅಲ್ಲಿ ಚಳಿಯೇ ಇರಲಿಲ್ಲವಲ್ಲ. 10ನೇ ತಾರೀಕು ನಿಮ್ಮ ಪಕ್ಕದ ರಾಜ್ಯದ ಮೆಂಫಿಸ್‌ ಪಟ್ಟಣದಲ್ಲಿ 26 ಡಿಗ್ರಿ, ಆ ದಿನದ ಹಳೆಯ ದಾಖಲೆ ಮುರಿಯಿತು. ಮೆಕ್ಸಿಕೋ ಕೊಲ್ಲಿಯಿಂದ ಬಿಸಿಯಾದ, ಹಸಿಯಾದ ಗಾಳಿ ನಿಮ್ಮ ಕಡೆ ನುಗ್ಗಿತು. ಪಶ್ಚಿಮದಿಂದ ಚಳಿಗಾಳಿ ಅದರ ಕೆಳಗೆ ತೂರಿಕೊಂಡು ಬಂತು. ನೆಲದ ಹತ್ತಿರ ಗಾಳಿ ಒಂದು ದಿಕ್ಕಿಗೆ, ಮೇಲೆ ಹೋದ ಹಾಗೆ ಇನ್ನೊಂದು ದಿಕ್ಕಿಗೆ, ಇನ್ನೂ ಜೋರಾಗಿ. ಹೀಗಾದಾಗ ಮೋಡವೇ ತಿರುಗಲು ಶುರುವಾಗುತ್ತದಂತೆ. ಗಾಳಿಗೆ ಕ್ಯಾಲೆಂಡರ್ ಗೊತ್ತಿಲ್ಲ. ಬಿಸಿ, ಹಸಿ, ತಿರುವು ಮೂರೂ ಕೂಡಿದರೆ ಅದಕ್ಕೆ ಸಾಕು.

ಮೇಫೀಲ್ಡನ್ನು ನುಂಗಿದ ಆ ಒಂದೇ ಸುಂಟರಗಾಳಿ ನೆಲ ಬಿಡದೆ 260 ಕಿಲೋಮೀಟರಿಗೂ ಜಾಸ್ತಿ ಓಡಿತಂತೆ. ಮಡಿಕೇರಿಯಿಂದ ಬೆಂಗಳೂರಿಗೆ ಹೋದಷ್ಟು ದೂರ. ನಿನ್ನ ಊರಿಗೆ ಬಂದದ್ದು ಅದಲ್ಲ, ಅದೇ ರಾತ್ರಿ ಬೇರೊಂದು ಮೋಡ ಹೆತ್ತದ್ದು. ಸೊನ್ನೆಯಿಂದ ಐದರವರೆಗಿನ ಅಳತೆಯಲ್ಲಿ ಅದಕ್ಕೆ ಇಎಫ್ 3 ಅಂತ ದರ್ಜೆ ಕೊಟ್ಟಿದ್ದಾರೆ. ಅದು ಮಾಪಕ ಹಿಡಿದು ಗಾಳಿಯ ಹತ್ತಿರ ಹೋಗಿ ಅಳೆದದ್ದಲ್ಲ. ಮುರಿದ ಗೋಡೆ, ಕಿತ್ತ ಮಾಡು, ಸಿಪ್ಪೆ ಸುಲಿದ ಮರ ನೋಡಿ, ಗಾಳಿ ಎಷ್ಟು ಜೋರಿತ್ತು ಅಂತ ಹಿಂದಿನಿಂದ ಲೆಕ್ಕ ಹಾಕುವುದು. ಆ ದಾರಿ ಹಾಕಿಕೊಟ್ಟವರು ಫುಜಿತಾ ಅನ್ನುವ ಜಪಾನಿ ವಿಜ್ಞಾನಿ. ಓದುವಾಗ ನನಗೆ 2018ರ ನಂತರ ನಮ್ಮ ತೋಟಕ್ಕೆ ಬಂದು ಬಿರುಕು ಅಳೆದುಹೋದವರ ನೆನಪಾಯಿತು.

ಸುಂಟರಗಾಳಿ ಅನ್ನುವ ನಮ್ಮ ಪದವೇ ನಮಗೆ ಮೋಸ ಮಾಡುತ್ತದೆ ಅನಿಸುತ್ತದೆ. ಮಾರ್ಚ್ ತಿಂಗಳಲ್ಲಿ ಶಾಲೆಯ ಮೈದಾನದಲ್ಲಿ ಏಳುತ್ತಿತ್ತಲ್ಲ, ನೆನಪಿದೆಯಾ? ಒಣ ಎಲೆ, ಧೂಳು, ಕಾಗದದ ಚೂರು ಎಲ್ಲ ಗರಗರ ತಿರುಗಿ ಮೇಲೆ ಹೋಗುತ್ತಿತ್ತು. ನಾವು ಕಣ್ಣು ಮುಚ್ಚಿಕೊಂಡು ಅದರ ನಡುವೆ ಓಡಿ ನಿಲ್ಲುತ್ತಿದ್ದೆವು. ಹೊರಗೆ ಬಂದಾಗ ತಲೆ ತುಂಬ ಮಣ್ಣು, ಬಾಯಿ ತುಂಬ ನಗು. ನಮಗೆ ಸುಂಟರಗಾಳಿ ಅಂದರೆ ಅದು. ಮನೆ ಎತ್ತಿಕೊಂಡು ಹೋಗುವ ಗಾಳಿಗೂ ಅದೇ ಹೆಸರು. ಅವ್ವನಿಗೆ ಆ ರಾತ್ರಿ ನಾನು ಸುಂಟರಗಾಳಿ ಅಂತ ಹೇಳಿದಾಗ, ಅವರು ಮೊದಲು "ಅಷ್ಟೇನಾ?" ಅಂದರು. ಆಮೇಲೆ ಟೀವಿ ನೋಡಿದರು.

ನಿನ್ನ ಮನೆಯಿಂದ ಆಚೆ, ಆ ಮಾಸ್ ಕ್ರೀಕ್ ಬೀದಿಯ ವಿಷಯ ಬಂದಾಗ ನೀನು ಮಾತು ನಿಲ್ಲಿಸಿದೆ. ಒಂದೇ ಬೀದಿಯಲ್ಲಿ ಹನ್ನೊಂದು ಜನ. ಅವರಲ್ಲಿ ಏಳು ಮಕ್ಕಳು. ಸುದ್ದಿಯಲ್ಲಿ ಓದಿದಾಗ ನಾನು ಫೋನ್ ಬದಿಗಿಟ್ಟು ಎದ್ದು ಹೊರಗೆ ಹೋದೆ. "ನಾನು ಅಲಾರಂ ಆಫ್ ಮಾಡಿಯೂ ಉಳಿದೆ, ಆ ಮಕ್ಕಳು ಯಾಕೆ ಉಳಿಯಲಿಲ್ಲ?" ಅಂತ ಕೇಳಿದೆ ನೀನು. ನನ್ನ ಹತ್ತಿರ ಉತ್ತರ ಇಲ್ಲ. ಗಂಜಿ ಕೇಂದ್ರದಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ. ನಮ್ಮ ಮೇಲಿನ ತಿರುವಿನ ಮನೆಯವರು ಹೋದರು, ನಾವು ಉಳಿದೆವು. ಯಾರನ್ನು ಕೇಳಿದರೂ "ದೇವರು ದೊಡ್ಡವನು" ಅನ್ನುತ್ತಿದ್ದರು. ಹಾಗಾದರೆ ಅವರ ದೇವರು ಎಲ್ಲಿ ಹೋದ ಅಂತ ಒಳಗೇ ಕುದಿಯುತ್ತಿದ್ದೆ. ಕೊನೆಗೆ ಅಡುಗೆ ಮಾಡುವವರ ಜೊತೆ ಸೇರಿಕೊಂಡೆ. ದಿನಕ್ಕೆ ಎಷ್ಟು ತೆಂಗಿನಕಾಯಿ ತುರಿದೆನೋ ಲೆಕ್ಕವಿಲ್ಲ. ಕೈಗೆ ಕೆಲಸ ಇದ್ದಷ್ಟು ಹೊತ್ತು ಆ ಪ್ರಶ್ನೆ ದೂರ ನಿಲ್ಲುತ್ತಿತ್ತು. ನೀನೂ ರಶ್ಮಿಯೂ ಪಕ್ಕದ ಬೀದಿಗಳಿಗೆ ಊಟ, ಕಂಬಳಿ ಹೊತ್ತುಕೊಂಡು ಹೋಗುತ್ತಿದ್ದೀರಿ ಅಂತ ಕೇಳಿ ಸಮಾಧಾನವಾಯಿತು. ಅದನ್ನು ಬಿಡಬೇಡ.

ನಿದ್ದೆ ಬರುವುದಿಲ್ಲ, ಗಾಳಿ ಬೀಸಿದರೆ ಎದ್ದು ಕೂರುತ್ತೇನೆ ಅಂದೆಯಲ್ಲ. ನನಗೆ ಎರಡು ಮಳೆಗಾಲ ಹಾಗೇ ಹೋಯಿತು. 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಗುಡ್ಡ ಕುಸಿದಾಗ ಹಳೆಯ ಭಯ ಪೂರ್ತಿ ವಾಪಸ್ ಬಂತು. ಈಗಲೂ ಜೋರು ಮಳೆ ಬಂದರೆ ಎದ್ದು ಟಾರ್ಚ್ ಹಿಡಿದು ಒರತೆ ನೀರಿನ ಬಣ್ಣ ನೋಡಿಕೊಂಡು ಬರುತ್ತೇನೆ. ತಿಳಿಯಾಗಿದ್ದರೆ ಮಲಗುತ್ತೇನೆ. ಹೀಗೆ ನೋಡಿ ಬರುವ ಅಭ್ಯಾಸವೇ ನನ್ನನ್ನು ಮಲಗಿಸಿದ್ದು. ಮಗುವಿನ ಮುಂದೆ ಭಯ ಮುಚ್ಚಿಡಬೇಡ. ಅವನಿಗೆ ಆ ಸದ್ದು ನಿನಗಿಂತ ಚೆನ್ನಾಗಿ ನೆನಪಿರುತ್ತದೆ.

ಇನ್ನು ನಾನು ಕೇಳಿಕೊಳ್ಳುವುದು. ಅಲ್ಲಿಯ ಸೈರನ್ ನಂಬಿ ಮಲಗಬೇಡ. ಅದು ಹೊರಗೆ ಇರುವವರಿಗೆ ಕೇಳಲಿ ಅಂತ ಇಟ್ಟಿರುವುದು, ಬಾಗಿಲು ಹಾಕಿ ಮಲಗಿದವರನ್ನು ಎಬ್ಬಿಸಲಿಕ್ಕಲ್ಲ. ರಾತ್ರಿ ಬರುವ ಸುಂಟರಗಾಳಿ ಪ್ರಾಣ ತೆಗೆಯುವ ಸಾಧ್ಯತೆ ಹಗಲಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ, ಯಾಕೆಂದರೆ ಜನ ನಿದ್ದೆಯಲ್ಲಿರುತ್ತಾರೆ, ಬರುವುದು ಕಣ್ಣಿಗೆ ಕಾಣುವುದಿಲ್ಲ. ಬ್ಯಾಟರಿಯಲ್ಲಿ ನಡೆಯುವ ಹವಾಮಾನ ರೇಡಿಯೋ ಸಿಗುತ್ತದಂತೆ, ಎಚ್ಚರಿಕೆ ಬಂದಾಗ ತಾನೇ ಕೂಗುತ್ತದೆ. ಒಂದು ತಂದು ತಲೆಯ ಹತ್ತಿರ ಇಡು. ಈಗ ಬಾಡಿಗೆಗೆ ಬೇರೆ ಮನೆ ಹುಡುಕುತ್ತಿದ್ದೀಯಲ್ಲ, ನೆಲಮಾಳಿಗೆ ಇರುವ ಮನೆ ಸಿಕ್ಕರೆ ನಾಲ್ಕು ಕಾಸು ಜಾಸ್ತಿಯಾದರೂ ಅದನ್ನೇ ಹಿಡಿ. ಸಿಗದಿದ್ದರೆ ಕೆಳ ಅಂತಸ್ತಿನಲ್ಲಿ, ಕಿಟಕಿ ಇಲ್ಲದ ನಡುವಿನ ಕೋಣೆ ಯಾವುದು ಅಂತ ಮೊದಲ ದಿನವೇ ನೋಡಿಕೋ. ಮಗುವಿಗೂ ತೋರಿಸು.

ನಮ್ಮ ಅಮ್ಮ ಬಾಗಿಲ ಪಕ್ಕದ ಮೊಳೆಗೆ ಒಂದು ಬಟ್ಟೆ ಚೀಲ ನೇತು ಹಾಕಿದ್ದಾರೆ. ಅದರಲ್ಲಿ ಆಧಾರ್, ರೇಷನ್ ಕಾರ್ಡ್, ಜಾಗದ ಪಹಣಿ, ಅಪ್ಪನ ಬಿಪಿ ಮಾತ್ರೆ, ಟಾರ್ಚ್, ಬೆಂಕಿಪೊಟ್ಟಣ, ಒಂದು ಜೊತೆ ಬಟ್ಟೆ. ಮೊದಲು ಜೂನಿನಲ್ಲಿ ನೇತು ಹಾಕಿ ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಆದ ಮೇಲೆ, ತೆಗೆಯುತ್ತಿದ್ದರು. ಈ ನವೆಂಬರಿನ ಮಳೆ ನೋಡಿದ ಮೇಲೆ ತೆಗೆಯುವುದನ್ನೇ ಬಿಟ್ಟಿದ್ದಾರೆ. ನಿನ್ನ ವಿಷಯ ಕೇಳಿದ ದಿನ ಅದೇ ಬಟ್ಟೆಯಲ್ಲಿ ಇನ್ನೊಂದು ಚೀಲ ಹೊಲಿದರು. ನಿನಗೆ ಕಳಿಸಬೇಕಂತೆ. ಜನವರಿಯಲ್ಲಿ ವಿರಾಜಪೇಟೆಯಿಂದ ಒಬ್ಬರು ಆ ಕಡೆ ಬರುತ್ತಾರೆ. ಅವರ ಕೈಯಲ್ಲಿ ಕಳಿಸುತ್ತೇನೆ. ಒಳಗೆ ನಮ್ಮ ತೋಟದ ಕಾಫಿಪುಡಿ, ಸ್ವಲ್ಪ ಕರಿಮೆಣಸು ಇಟ್ಟಿದ್ದಾರೆ. ಅದನ್ನು ತೆಗೆದು ಅಡುಗೆಮನೆಗೆ ಹಾಕು. ಚೀಲದಲ್ಲಿ ಮೂವರ ಪಾಸ್‌ಪೋರ್ಟ್ ಇಟ್ಟು ಬಾಗಿಲ ಹತ್ತಿರ ನೇತು ಹಾಕು.

ಅವ್ವ ಈಗ ಊಟ ಮಾಡುತ್ತಿದ್ದಾರೆ. ದಿನಾ ಒಂದು ಸಲ ನಿನ್ನ ದನಿ ಕೇಳಿದರೆ ಸಾಕು ಅವರಿಗೆ.

ಮಾಂದಲಪಟ್ಟಿ ಕಡೆಯಿಂದ ಮೋಡ ಏರುತ್ತಿದೆ. ಅಪ್ಪ ಕಣದಿಂದ ಕೂಗುತ್ತಿದ್ದಾರೆ, ಟಾರ್ಪಾಲ್ ಎಳೆಯಬೇಕು. ರಾತ್ರಿ ಎಷ್ಟು ಹೊತ್ತಾದರೂ ಸರಿ, ನಿದ್ದೆ ಬಾರದಿದ್ದರೆ ಫೋನ್ ಮಾಡು. ನಿನಗೆ ರಾತ್ರಿಯಾದಾಗ ಇಲ್ಲಿ ಹಗಲು. ನಾನು ಎದ್ದೇ ಇರುತ್ತೇನೆ.

ನಿನ್ನ,
ಪೊನ್ನಪ್ಪ