ಮನಿ ಕರ ಲೆಕ್ಕ ಹಾಕೋರು ಆ ಲೆಕ್ಕಾನ ಬರದು ಕೊಡಬೇಕು ಅಂತ ಮಗ್ಗದ ಓಣಿಯವರ ಮನವಿ

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ, ಬಾಗಲಕೋಟೆ ಜಿಲ್ಲೆ

ವಿಷಯ: ಆಸ್ತಿ ತೆರಿಗೆ ನಿಗದಿ ಮಾಡೋ ಸಿಬ್ಬಂದಿ ಮನಿ ಅಳತಿ ಮತ್ತ ವರ್ಗ (ವಾಸದ್ದೋ ವಾಣಿಜ್ಯದ್ದೋ ಅನ್ನೋದು) ಬದಲು ಮಾಡಿದಾಗ ಕಾರಣ, ಹೆಸರು, ಸಹಿ ಸಮೇತ ಮಾಲಕರಿಗೆ ಕಾಪಿ ಕೊಡೋ ಬಗ್ಗೆ.

ಸಾಹೇಬ್ರ, ನಮಸ್ಕಾರ್ರಿ.

ನಾವು ಕರ ಕಟ್ಟಾಕ ಒಲ್ಲೆ ಅಂತ ಈ ಅರ್ಜಿ ಬರಿಯಾಕತ್ತಿಲ್ಲ, ಅದನ್ನ ಮೊದಲ ಹೇಳಿಬಿಡ್ತೀವಿ. ಏಪ್ರಿಲ್ ತಿಂಗಳದಾಗ ಕಟ್ಟಿದ್ರ 5% ರಿಯಾಯಿತಿ ಸಿಗತೈತಿ ಅಂತ ನಮ್ಮ ಓಣ್ಯಾಗ ಭಾಳ ಮಂದಿ ಸೀರಿ ಮಾರಿದ ರೊಕ್ಕ ಕೈಗೆ ಬಂದ ಕೂಡ್ಲೆ ಮೊದಲ ಚಲನ್ ಕಟ್ಟಿ ಬರ್ತಾರ. ನಮ್ಮ ತಕರಾರು ಇರೋದು ಎಷ್ಟು ಕಟ್ಟಬೇಕು ಅನ್ನೋದನ್ನ ಯಾರು, ಯಾವ ಲೆಕ್ಕದ ಮ್ಯಾಲ ಬರದ್ರು ಅನ್ನೋದು ನಮಗ ಗೊತ್ತಾಗದೇ ಇರೋದರ ಬಗ್ಗೆ.

ಕಾಗದದಾಗ ನೋಡಿದ್ರ ಇದು ಸ್ವಯಂ ಘೋಷಣೆ ಪದ್ಧತಿ. ಜಾಗಾದ ಅಳತಿ, ಕಟ್ಟಡದ ಅಳತಿ, ಸಬ್ ರಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರ (ಸರ್ಕಾರ ಗೊತ್ತು ಮಾಡಿದ ಆಸ್ತಿ ಬೆಲಿ), ಚಾವಣಿ ಆರ್‌ಸಿಸಿನೋ ಹಂಚೋ ತಗಡೋ, ಕಟ್ಟಿ ಎಷ್ಟ ವರ್ಷ ಆತು, ಇರೋದು ವಾಸಕ್ಕೋ ವ್ಯಾಪಾರಕ್ಕೋ, ಇಷ್ಟನ್ನ ಮಾಲಕ ತಾನ ಬರದು ತಾನ ಕರ ಕಟ್ಟಬೇಕು. ಆದ್ರ ಖರೇ ಹೇಳಬೇಕಂದ್ರ ನಮ್ಮೂರಾಗ ಆ ಫಾರ್ಮ್ ತುಂಬೋರು ಕಡಿಮಿ, ಬಿಲ್ ಕಲೆಕ್ಟರ್ ಬಂದು ಟೇಪ್ ಹಿಡದು ಏನ್ ಬರಕೊಂಡ್ ಹೋಗ್ತಾರೋ ಅದ ಕಂಪ್ಯೂಟರ್‌ನ್ಯಾಗ ಕೂಡತೈತಿ. ಅಳೆಯೋರೂ ಅವ್ರ, ಬಿಲ್ ಕೊಡೋರೂ ಅವ್ರ, ವಸೂಲಿಗೆ ಬರೋರೂ ಅವ್ರ. ಸಿಬ್ಬಂದಿ ಕಡಿಮಿ ಐತಿ ಅನ್ನೋದು ನಮಗೂ ಗೊತ್ತೈತ್ರಿ, ಆದ್ರ ಮೂರೂ ಕೆಲಸ ಒಬ್ಬರ ಕೈಯಾಗ ಇದ್ದಾಗ ತಪ್ಪಾದ್ರ ಹಿಡಿಯೋರು ಯಾರು?

ನಮ್ಮ ಓಣಿ ಸಂಗತಿ ಸ್ವಲ್ಪ ಬ್ಯಾರೆ ಐತಿ, ಅದಕ್ಕ ಬಿಡಿಸಿ ಹೇಳ್ತೀವಿ. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿ ಎಲ್ಲಾ ಕಡೆ ಇದ್ದಂಗ ಇಲ್ಲಿನೂ ಮಗ್ಗ ಇರೋದು ಮನಿ ಒಳಗ. ಪಡಸಾಲ್ಯಾಗ ತಗ್ಗು ತೋಡಿ ಕೂಡಿಸಿದ ಕೈಮಗ್ಗ, ಪಕ್ಕದಾಗ ಅಜ್ಜಿ ಕಂಡಿಕಿ ಸುತ್ತತಿರ್ತಾಳ, ರಾತ್ರಿ ಅಲ್ಲೇ ಚಾಪಿ ಹಾಸಿ ಮಕ್ಕಳು ಮಲಗ್ತಾವು. ಈ ಪಡಸಾಲಿ ವಾಸದ್ದೋ ವಾಣಿಜ್ಯದ್ದೋ? ಒಂದ ಸಾಲಿನ್ಯಾಗ ಇರೋ ಮನಿಗಳೊಳಗ ಒಂದು ವಾಸ ಅಂತ ಬರದೈತಿ, ಅದಕ್ಕ ಗ್ವಾಡಿ ಹಚ್ಚಿ ಇರೋದು ವಾಣಿಜ್ಯ ಅಂತ ಬರದೈತಿ, ಎರಡರಾಗೂ ಇರೋದು ಒಂದೊಂದ ಮಗ್ಗ. ಇನ್ನೊಂದ್ ಮನಿ ಮಣ್ಣಿನ ಮಾಳಗಿದು, ಮಳಿಗಾಲಕ್ಕ ಸೋರತೈತಿ, ರಿಜಿಸ್ಟರಿನ್ಯಾಗ ನೋಡಿದ್ರ ಆರ್‌ಸಿಸಿ. ಯಾಕ ಹಿಂಗ ಅಂತ ಕೇಳಿದ್ರ ಮ್ಯಾಲಿನ ಸಾಹೇಬ್ರನ್ನ ಕೇಳ್ರಿ ಅಂತಾರ, ಮ್ಯಾಲಿನವ್ರು ಬಿಲ್ ಕಲೆಕ್ಟರ್ ವರದಿ ಹಂಗ ಐತಿ ಅಂತಾರ. ಅದ ಊರಾಗ ಕೆಳಗ ಶಟರ್ ಇರೋ ದೊಡ್ಡ ಕಟ್ಟಡ ಪೂರ್ತಿ ವಾಸ ಅಂತ ಇದ್ರೂ ಯಾರೂ ಕೇಳೂದಿಲ್ಲ ಅನ್ನೋ ಮಾತು ಮಂದಿ ಬಾಯಾಗ ಐತಿ. ಅದು ಖರೇನೋ ಸುಳ್ಳೋ ತೋರಸಾಕ ತಮ್ಮ ಕಡೆ ದಾಖಲಿ ಅದಾವು, ನಮ್ಮ ಕಡೆ ಇಲ್ಲ.

ಒಂದ ಶಬ್ದ ತಪ್ಪು ಬಿದ್ರ ಏನಾಗತೈತಿ ನೋಡ್ರಿ. ಕರ 1000 ರೂಪಾಯಿ ಹೆಚ್ಚಿಗಿ ಬಿತ್ತು ಅಂತ ಇಟ್ಕೋರಿ, ಅದರ ಮ್ಯಾಲ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಕೂಡಿ 1240 ಆತು. ತಕರಾರು ಮುಗೀಲಿ ಆಮ್ಯಾಲ ಕಟ್ಟೋಣ ಅಂತ ಕುಂತ್ರ ಜುಲೈದಿಂದ ತಿಂಗಳಿಗೆ 2% ದಂಡ, ವರ್ಷಕ್ಕ 24% ಲೆಕ್ಕ. ಸರ್ಕಾರ ನೇಕಾರ ಸಮ್ಮಾನ್ ಯೋಜನ್ಯಾಗ ಕೈಮಗ್ಗದವನಿಗೆ ವರ್ಷಕ್ಕ 5000 ಕೊಡತೈತಿ, ಅದರಾಗಿಂದ ಇದನ್ನೂ ತಗದು ಕಟ್ಟೋದಾದ್ರ ಅವನಿಗೆ ಉಳಿಯೋದೇನು? ಮತ್ತ ಈಗ ಇ-ಖಾತಾ (ಕಂಪ್ಯೂಟರಿನ್ಯಾಗಿನ ಆಸ್ತಿ ದಾಖಲಿ) ಇಲ್ಲದ ಆಸ್ತಿ ರಜಿಸ್ಟರೇ ಆಗೂದಿಲ್ಲ. ಅಳತಿ ತಪ್ಪಿದ್ದದ್ದು ಹಂಗ ಇ-ಖಾತಾಕ್ಕ ಏರಿ ಕುಂತ್ರ ನಾಳೆ ಅಣ್ಣತಮ್ಮರು ವಾಟ್ನಿ ಮಾಡ್ಕೊಳ್ಳಾಕ, ಬ್ಯಾಂಕಿನ್ಯಾಗ ಸಾಲ ತಗೊಳ್ಳಾಕ ಎಲ್ಲಾದಕ್ಕೂ ತೊಡಕು.

ಅದಕ್ಕ ನಮ್ಮ ಬೇಡಿಕೆ ಮುಖ್ಯವಾಗಿ ಒಂದ ಐತ್ರಿ. ಅಳತಿ ಮಾಡಿದ ದಿನಾನ ಅಳತಿ ಹಾಳಿ ಒಂದ್ ಕಾಪಿ ಮಾಲಕರ ಕೈಗೆ ಕೊಡ್ರಿ, ಅದರಾಗ ಉದ್ದ ಅಗಲ, ಚಾವಣಿ, ಉಪಯೋಗ, ಹಾಕಿದ ದರ, ಮೊದಲ ಏನಿತ್ತು ಈಗ ಯಾಕ ಬದಲಾತು ಅನ್ನೋ ಕಾರಣ, ಅಳದವರ ಹೆಸರು ಹುದ್ದೆ ಸಹಿ ಇರಲಿ. ಇದು ನಾವು ಹೊಸದಾಗಿ ಕೇಳೋ ಉಪಕಾರ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಪ್ರಕಾರ ತನ್ನ ತೀರ್ಮಾನದಿಂದ ಬಾಧಿತರಾದವರಿಗೆ ಕಾರಣ ತಿಳಸೋದು ಸಾರ್ವಜನಿಕ ಕಚೇರಿ ಕರ್ತವ್ಯ, 10 ರೂಪಾಯಿ ಕಟ್ಟಿ ಅರ್ಜಿ ಹಾಕಿ 30 ದಿನ ದಾರಿ ಕಾಯೋ ಹೊತ್ತು ಬರಬಾರದು. ಕರ ಏರಸೋ ಮೊದಲ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳ್ರಿ, ಆಕ್ಷೇಪಣೆ ಕೊಟ್ಟವರಿಗೆ ಸ್ವೀಕೃತಿ ಕೊಡ್ರಿ, ಮತ್ತ ಅದನ್ನ ವಿಚಾರಣೆ ಮಾಡೋರು ಅಳತಿ ಮಾಡಿದವರ ಬಿಟ್ಟು ಬ್ಯಾರೆ ಅಧಿಕಾರಿ ಇರಲಿ. ವಾರ್ಡ್‌ವಾರು ಆಸ್ತಿ ನಂಬರ್, ವರ್ಗ, ಅಳತಿ, ಕರ ಇಷ್ಟನ್ನ ನೋಟಿಸ್ ಬೋರ್ಡಿಗೆ ಹಚ್ಚಿದ್ರ ಸಾಕು, ಓಣಿ ಮಂದಿನ ಸರಿ ತಪ್ಪು ಹೇಳ್ತಾರ; ಫೋನ್ ನಂಬರ್ ಆಧಾರ್ ಏನೂ ಹಾಕೋದು ಬ್ಯಾಡ.

ಇದರಾಗ ಸಿಬ್ಬಂದಿಗೂ ಒಳ್ಳೇದೈತಿ. ಪ್ರಾಮಾಣಿಕವಾಗಿ ಅಳದು ದೊಡ್ಡವರ ಬಿಲ್ಡಿಂಗಿಗೆ ಸರಿಯಾದ ಕರ ಹಾಕಿದ ಬಿಲ್ ಕಲೆಕ್ಟರ್‌ಗೆ ಸಂಜಿ ಆಗೋದ್ರಾಗ ಯಾವ್ಯಾವ ಮುಖಂಡರ ಫೋನ್ ಬರತಾವು ಅನ್ನೋದು ನಮಗ ಗೊತ್ತಿಲ್ಲ ಅಂತಲ್ಲ. ಸಹಿ ಮಾಡಿದ ಅಳತಿ ಹಾಳಿ ಮಾಲಕರ ಕೈಗೆ ಹೋಗಿಬಿಟ್ಟಿತ್ತಂದ್ರ ಆಮ್ಯಾಲ ತಿದ್ದಾಕ ಯಾರೂ ಒತ್ತಾಯ ಮಾಡಾಕ ಆಗೂದಿಲ್ಲ. ಅಂಥವರ ಬೆನ್ನಿಗೆ ನಾವು ನಿಲ್ತೀವಿ.

ಮಗ್ಗದ ಪಡಸಾಲಿ ವಿಷಯ ತಮ್ಮ ಹಂತದಾಗ ಮುಗಿಯೂದಿಲ್ಲ ಅನ್ನೋದಾದ್ರ ಮುಂದಿನ ಸಾಮಾನ್ಯ ಸಭೆಗೆ ಇಡ್ರಿ. ಕುಟುಂಬ ವಾಸ ಇದ್ದು ಮನಿಯವರ ನೇಯೋ ಮಗ್ಗ ಇದ್ರ ಅದನ್ನ ವಾಸದ ಮನಿ ಅಂತನ ಹಿಡೀಬೇಕು ಅಂತ ಠರಾವು ಮಾಡಿ ಪೌರಾಡಳಿತ ಇಲಾಖೆಗೆ ಕಳಿಸಿ ಸ್ಪಷ್ಟ ಆದೇಶ ತರಸ್ರಿ, ಅದು ಬರೋತನಕ ವರ್ಗ ಬದಲಾದ ಮನಿಗಳಿಗೆ ಹಳೆ ಕರಾನ ತುಂಬಿಸ್ಕೊಂಡು ಹೆಚ್ಚಿನ ಮೊತ್ತಕ್ಕ ದಂಡ ಹಾಕೋದು ನಿಲ್ಲಸ್ರಿ. ತಕರಾರು ಇರೋ ಮನಿಗಳನ್ನ ಓಣಿ ಹಿರಿಯರ ಎದುರು ಇನ್ನೊಮ್ಮೆ ಅಳಸ್ರಿ. ಬರೋರು ಯಾವ ದಿನ ಬರ್ತಾರ ಅಂತ ಮುಂಚೆ ಹೇಳಿದ್ರ ನಾವು ಮಗ್ಗ ನಿಲ್ಲಿಸಿ, ಹಕ್ಕುಪತ್ರ, ಹಳೆ ರಸೀದಿ, ಕರೆಂಟ್ ಬಿಲ್ ಎಲ್ಲಾ ತಗದಿಟ್ಕೊಂಡು ಮನ್ಯಾಗ ಇರ್ತೀವ್ರಿ.

ಇಂತಿ ತಮ್ಮ ವಿಶ್ವಾಸಿಗಳು,
ಮಗ್ಗದ ಓಣಿಯ ಸಮಸ್ತ ನಿವಾಸಿಗಳು
(ಸಹಿ ಮತ್ತು ಹೆಬ್ಬೆಟ್ಟಿನ ಹಾಳಿ ಲಗತ್ತಿಸಿದೆ)

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಬಾಗಲಕೋಟೆ; ಯೋಜನಾ ನಿರ್ದೇಶಕರು, ಜಿಲ್ಲಾ ನಗರಾಭಿವೃದ್ಧಿ ಕೋಶ; ನಮ್ಮ ವಾರ್ಡಿನ ಸದಸ್ಯರು