ಪೊರೆ ಬಲಿಯಲಿ ಅಂತ ಕಾಯಬೇಡಿ ಅಪ್ಪಾಜಿ

ಲಂಡನ್

ಪ್ರೀತಿಯ ಅಪ್ಪಾಜಿಗೆ ನಮಸ್ಕಾರಗಳು,

ಅಮ್ಮ ಎಲ್ಲ ಹೇಳಿದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದರೂ ನೀವು "ಇನ್ನೂ ಬಲಿಯಲಿ, ಆಮೇಲೆ ನೋಡೋಣ" ಎಂದು ಎದ್ದು ಬಂದಿರಂತೆ. ಫೋನಿನಲ್ಲಿ ಹೇಳಿದರೆ ಮಾತು ತೇಲಿಸಿಬಿಡುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಬಲಿಯಲಿ ಅನ್ನುವುದು ಅಜ್ಜಿಯ ಕಾಲದ ಮಾತು. ಆಗ ಅದು ಸರಿಯೇ ಇತ್ತು. ಕಣ್ಣಿನ ಡಾಕ್ಟರು ಎಂ. ಸಿ. ಮೋದಿಯವರ ಶಿಬಿರಗಳಿಗೆ ಊರೂರಿನ ಜನ ಹೋಗುತ್ತಿದ್ದ ಆ ದಿನಗಳಲ್ಲಿ ಕಣ್ಣಿನೊಳಗಿನ ಮಸುಕಾದ ಮಸೂರವನ್ನು, ಅಂದರೆ ಲೆನ್ಸನ್ನು, ತೆಗೆಯುತ್ತಿದ್ದರು, ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಅಜ್ಜಿಯ ದಪ್ಪ ಗಾಜಿನ ಕನ್ನಡಕ ನೆನಪಿದೆ ಅಲ್ವಾ? ಅದನ್ನು ಹಾಕಿಕೊಳ್ಳುವುದಕ್ಕಿಂತ ಇದ್ದ ದೃಷ್ಟಿಯೇ ವಾಸಿ ಎಂದು ಜನ ಕಾಯುತ್ತಿದ್ದರು.

ಈಗ ಒಳಗೇ ಲೆನ್ಸ್ ಕೂರಿಸುತ್ತಾರೆ. ಅದು ಶುರುವಾಗಿದ್ದು ಇಲ್ಲೇ, ನನ್ನ ಬಸ್ಸು ದಿನಾ ಹಾದುಹೋಗುವ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, 1949ರಲ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದರೂ ಕಣ್ಣು ಅವನ್ನು ತಾಳಿಕೊಂಡಿತ್ತು. ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಇದನ್ನು ಗಮನಿಸಿ, ಅದೇ ಬಗೆಯ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಿಸಿದರು. ಆ ಕಟ್ಟಡ ಕಂಡಾಗಲೆಲ್ಲ ನೀವು ನೆನಪಾಗುತ್ತೀರಿ.

ಪೊರೆ ಕಣ್ಣಿನ ಮೇಲೆ ಬೆಳೆಯುವುದಲ್ಲ ಅಪ್ಪಾಜಿ. ಒಳಗಿನ ಮಸೂರವೇ ಮಸುಕಾಗುವುದು. ಯಾವ ಡ್ರಾಪ್ಸೂ ಅದನ್ನು ಕರಗಿಸುವುದಿಲ್ಲ. ಯಾರಾದರೂ ಜೇನುತುಪ್ಪ ಬಿಡಿ ಎಂದರೆ ದಯವಿಟ್ಟು ಬಿಡಬೇಡಿ. ಪೊರೆ ಬಲಿತಷ್ಟೂ ಗಟ್ಟಿಯಾಗುತ್ತದೆ, ಅದನ್ನು ಒಡೆದು ತೆಗೆಯುವುದು ಕಷ್ಟ. ಕಣ್ಣಿಗೂ ಅಪಾಯ ಜಾಸ್ತಿ. ಪೇಪರ್ ಓದಲು, ಸಂಜೆ ಸ್ಕೂಟರ್ ಓಡಿಸಲು ತೊಂದರೆ ಆಗುತ್ತಿದೆ ಅಂದರೆ ಸಮಯ ಬಂದಿದೆ ಎಂದೇ ಅರ್ಥ.

ಆಪರೇಷನ್ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಕಣ್ಣಿಗೆ ಮಾತ್ರ ಅರಿವಳಿಕೆ ಕೊಡುತ್ತಾರೆ, ಅವತ್ತೇ ಮನೆಗೆ ಬರಬಹುದು. ಆದರೆ ನಿಮಗೆ ಸಕ್ಕರೆ ಕಾಯಿಲೆ ಇದೆ. ಮೊದಲು ಸಕ್ಕರೆ ಹತೋಟಿಗೆ ಬರಲಿ, ಕಣ್ಣಿನ ಹಿಂಭಾಗದ ಪರದೆಯ, ಅಂದರೆ ರೆಟಿನಾದ, ಪರೀಕ್ಷೆಯೂ ಆಗಲಿ. ರೆಟಿನಾ ಕೆಟ್ಟಿದ್ದರೆ ಎಷ್ಟು ಒಳ್ಳೆಯ ಲೆನ್ಸ್ ಹಾಕಿದರೂ ಪೂರ್ತಿ ಕಾಣುವುದಿಲ್ಲ.

ಲೆನ್ಸ್ ವಿಷಯದಲ್ಲಿ ಗಾಬರಿ ಬೇಡ. ಒಂದೇ ದೂರಕ್ಕೆ ಹೊಂದಿಸಿದ ಮೊನೊಫೋಕಲ್ ಹಾಕಿಸಿದರೆ ಸಾಮಾನ್ಯವಾಗಿ ದೂರದ್ದು ಚೆನ್ನಾಗಿ ಕಾಣುತ್ತದೆ, ಓದಲು ಕನ್ನಡಕ ಬೇಕಾಗುತ್ತದೆ. ಹತ್ತಿರ, ದೂರ ಎರಡಕ್ಕೂ ಆಗುವ ಮಲ್ಟಿಫೋಕಲ್‌ನಲ್ಲಿ ಕನ್ನಡಕದ ಅಗತ್ಯ ಕಡಿಮೆ, ಆದರೆ ಕೆಲವರಿಗೆ ರಾತ್ರಿ ದೀಪಗಳ ಸುತ್ತ ಬಳೆಯಂತೆ ಬೆಳಕು ಕಾಣುತ್ತದೆ. ನನ್ನ ಮನಸ್ಸಿಗೆ ನಿಮಗೆ ಮೊನೊಫೋಕಲ್ಲೇ ಸಾಕು. ದುಡ್ಡು ಉಳಿಯಲಿ ಅಂತ ಹೀಗೆ ಹೇಳುತ್ತಿಲ್ಲ. ಕೊನೆಯ ಮಾತು ಡಾಕ್ಟರದ್ದೇ.

ಆಪರೇಷನ್ ಆದಮೇಲೆ ಕೆಲವು ವಾರ ಡ್ರಾಪ್ಸ್ ತಪ್ಪಿಸುವಂತಿಲ್ಲ, ಕಣ್ಣು ಉಜ್ಜುವಂತಿಲ್ಲ. ನೋವು ಹೆಚ್ಚಾದರೆ, ಕಣ್ಣು ಕೆಂಪಾಗಿ ಮಸುಕಾದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಕಣ್ಣಿನ ತಾರೀಖು ಗೊತ್ತಾದ ಕೂಡಲೇ ತಿಳಿಸಿ. ಅದಕ್ಕೆ ಸರಿಯಾಗಿ ರಜೆ ಹಾಕಿ ಬರುತ್ತೇನೆ. ಡ್ರಾಪ್ಸ್ ಹಾಕುವ ಕೆಲಸ ನನ್ನದು.

ನಿಮ್ಮ ಪ್ರೀತಿಯ ಮಗಳು